ಮಾಲವಣದ ಕಡಲು, ಚಿಕ್ಕೋಡಿಯ ನೆಲ

ಗಡಿ ಕನ್ನಡಿಗರ ಸಭೆಗಳಲ್ಲಿ, ನವೆಂಬರ್ ತಿಂಗಳ ವಿಶೇಷಾಂಕಗಳಲ್ಲಿ ಒಂದು ಕಥನ ಎಷ್ಟೋ ವರ್ಷಗಳಿಂದ ಅಲುಗಾಡದೆ ಕೂತಿದೆ. ಬ್ರಿಟಿಷರು ಬೇಕೆಂದೇ ಕನ್ನಡ ನಾಡನ್ನು ಒಡೆದರು. ಒಂದು ನುಡಿಯ ಜನ ಒಟ್ಟಿಗಿದ್ದರೆ ಆಳುವುದು ಕಷ್ಟವೆಂದು ಮುಂಬಯಿಗೊಂದು ಪಾಲು, ಮದ್ರಾಸಿಗೊಂದು ಪಾಲು, ನಿಜಾಮನಿಗೆ, ಕೊಲ್ಲಾಪುರಕ್ಕೆ, ಸಾಂಗಲಿ ಜಮಖಂಡಿಗಳಿಗೆ ಚೂರು ಚೂರು ಹಂಚಿದರು. 1956ರಲ್ಲಿ ಏಕೀಕರಣವಾದಾಗ ಕೆಲವು ಚೂರುಗಳು ಕೈಗೆ ಸಿಗದೆ ಹೋದವು. ಕೊಲ್ಲಾಪುರ ಜಿಲ್ಲೆ ಗಡಹಿಂಗ್ಲಜ ತಾಲ್ಲೂಕಿನ ನೂಲವನ್ನು ಅಂಥ ಚೂರುಗಳಲ್ಲಿ ಒಂದೆಂದು ಎಣಿಸಿ, ಒಂದು ನಿಟ್ಟುಸಿರು ಬಿಟ್ಟು ಮುಂದಿನ ಭಾಷಣಕಾರರಿಗೆ ಮೈಕು ಕೊಡುತ್ತೇವೆ.

ಈ ಕಥನದಲ್ಲಿ ನಮಗೊಂದು ಸುಖವಿದೆ. ತಪ್ಪು ಮಾಡಿದವರು ಹಡಗು ಹತ್ತಿ ಹೋಗಿಬಿಟ್ಟಿದ್ದಾರೆ, ಉಳಿದವರೆಲ್ಲ ನೊಂದವರು. ನನ್ನ ತಕರಾರು ಇಲ್ಲಿಯೇ. ನೂಲದಿಂದ ಸಂಕೇಶ್ವರದತ್ತ ಹೊರಟರೆ ಎದುರಾಗುವ ಆ ರಾಜ್ಯದ ಗಡಿಯನ್ನು ಎಳೆದ ಕೈಗಳಿಗೆ ಕನ್ನಡ ಮರಾಠಿಗಳ ಪರಿವೆಯೇ ಇರಲಿಲ್ಲ. ಅವರ ಕಣ್ಣು ಇದ್ದದ್ದು ಘಟ್ಟದ ಕೆಳಗಿನ ಸಮುದ್ರದ ಮೇಲೆ, ಬಂದರುಗಳ ಮೇಲೆ, ಹತ್ತಿ ಮತ್ತು ಉಪ್ಪಿನ ಲೆಕ್ಕದ ಮೇಲೆ. ಆ ಬಂದರುಗಳ ಕಾಲ ಮುಗಿದು ಎಷ್ಟೋ ದಶಕಗಳಾದ ನಂತರವೂ ಗಡಿಯನ್ನು ಹಾಗೆಯೇ ಉಳಿಸಿಕೊಂಡವರು ಮಾತ್ರ ಭಾಷೆಯ ಹೆಸರಿನಲ್ಲಿ ರಾಜ್ಯ ಕಟ್ಟಿದವರು, ಅಂದರೆ ನಮ್ಮವರೇ.

ಮೊದಲು 1812ಕ್ಕೆ ಹೋಗೋಣ. ಆ ವರ್ಷದ ಅಕ್ಟೋಬರ್ 1ರಂದು ಕರವೀರ ಛತ್ರಪತಿಗೂ, ಅಂದರೆ ಕೊಲ್ಲಾಪುರದ ಅರಸನಿಗೂ, ಈಸ್ಟ್ ಇಂಡಿಯಾ ಕಂಪನಿಗೂ ಒಂದು ಒಪ್ಪಂದವಾಯಿತು. ಗಡಿ ವಿವಾದದ ಬಗ್ಗೆ ಕನ್ನಡದಲ್ಲಿ ಇಷ್ಟು ಪುಸ್ತಕಗಳು ಬಂದಿದ್ದರೂ ಈ ಕಾಗದದ ಸುದ್ದಿ ಎಲ್ಲಿಯೂ ದೊಡ್ಡದಾಗಿ ಬರುವುದಿಲ್ಲ. ಅದು ನನಗೆ ಸೋಜಿಗ. ಆ ಹೊತ್ತಿಗೆ ಚಿಕ್ಕೋಡಿ ಮತ್ತು ಮನೋಳಿ, ಅಂದರೆ ಇಂದಿನ ಮುನವಳ್ಳಿ, ಈ ಎರಡು ಸೀಮೆಗಳಿಗಾಗಿ ಕೊಲ್ಲಾಪುರಕ್ಕೂ ನಿಪ್ಪಾಣಿಯ ಅಪ್ಪಾ ದೇಸಾಯಿಗೂ ವರ್ಷಗಟ್ಟಲೆ ಕಾಳಗ ನಡೆದಿತ್ತು. ನಿಪ್ಪಾಣಿಯ ಹಿಂದೆ ಪುಣೆಯ ಪೇಶ್ವೆ ಎರಡನೇ ಬಾಜೀರಾವ್ ಇದ್ದ. ಪೇಶ್ವೆಯ ಹಿಂದೆ ಕಂಪನಿಯ ಪುಣೆ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಇದ್ದ. ಮಧ್ಯಸ್ಥಿಕೆ ವಹಿಸಿದ್ದು ಕಂಪನಿಯೇ. ತೀರ್ಪು ಹೀಗಾಯಿತು: ಚಿಕ್ಕೋಡಿ, ಮನೋಳಿಗಳ ಮೇಲಿನ ಹಕ್ಕನ್ನು ಕೊಲ್ಲಾಪುರ ಬಿಡಬೇಕು, ಮಾಲವಣದ ಬಂದರನ್ನೂ ಸಿಂಧುದುರ್ಗವನ್ನೂ ಕಂಪನಿಗೆ ಒಪ್ಪಿಸಬೇಕು, ಕಡಲುಗಳ್ಳತನಕ್ಕೆ ಹಡಗು ಕಳಿಸಬಾರದು. ಬದಲಿಗೆ ಕಂಪನಿ ಕೊಲ್ಲಾಪುರವನ್ನು ಪೇಶ್ವೆ ಮೊದಲಾದವರಿಂದ ಕಾಯುತ್ತದೆ. ಅದೇ ವರ್ಷ ಸಾವಂತವಾಡಿಯಿಂದ ವೆಂಗುರ್ಲಾ ಬಂದರೂ ಕಂಪನಿಯ ಕೈಗೆ ಬಂತು.

ಕಡಲೂ ನೆಲವೂ ಒಂದೇ ಕಾಗದದಲ್ಲಿ ಬಂದದ್ದನ್ನು ಗಮನಿಸಬೇಕು. ಕಂಪನಿಗೆ ಬೇಕಾಗಿದ್ದದ್ದು ಮಾಲವಣ. ಮುಂಬಯಿಯಿಂದ ತೆಂಕಣಕ್ಕೆ ಹೋಗುವ ಹಡಗುಗಳಿಗೆ ಆ ಕರಾವಳಿಯ ದರೋಡೆ ದೊಡ್ಡ ತಲೆನೋವಾಗಿತ್ತು. 1765ರಲ್ಲಿಯೇ ಒಮ್ಮೆ ಮುಂಬಯಿ ಸರ್ಕಾರ ಮಾಲವಣವನ್ನು ಹಿಡಿದು, ಹಣ ಪಡೆದು ಬಿಟ್ಟುಕೊಟ್ಟಿತ್ತು. ನಡುವಿನ ಅರ್ಧ ಶತಮಾನದಲ್ಲಿ ಆ ಬಂದರಿನ ಆಸೆ ಮಾತ್ರ ಹೋಗಿರಲಿಲ್ಲ. ಚಿಕ್ಕೋಡಿಯ ವಿಷಯ ಕಂಪನಿಗೆ ತನ್ನ ಮಿತ್ರನಾದ ಪೇಶ್ವೆಯ ಮನಸ್ಸು ಹಿಡಿಯುವ ಉಪಾಯ, ಅಷ್ಟೇ. ಚಿಕ್ಕೋಡಿಯ ಜನ ಯಾವ ಮಾತಾಡುತ್ತಾರೆ ಎಂಬ ಪ್ರಶ್ನೆ ಆ ಮೇಜಿನ ಸುತ್ತ ಕೂತ ಯಾರಿಗೂ ಹೊಳೆದಿರಲಾರದು. ಕೊಲ್ಲಾಪುರದವರಿಗೂ ಹೊಳೆದಿರಲಾರದು, ಪೇಶ್ವೆಗೂ. ಎಲ್ಲರಿಗೂ ಅದು ವಸೂಲಿಯ ಸೀಮೆ.

ಮುಂದಿನ ಕಥೆ ಇನ್ನೂ ವಿಚಿತ್ರ. 1818ರಲ್ಲಿ ಪೇಶ್ವೆಯೇ ಮುಳುಗಿದ. ಆ ಯುದ್ಧದಲ್ಲಿ ಕೊಲ್ಲಾಪುರ ಇಂಗ್ಲಿಷರ ಕಡೆ ನಿಂತಿತ್ತಾದ್ದರಿಂದ ಬಹುಮಾನವಾಗಿ ಚಿಕ್ಕೋಡಿ, ಮನೋಳಿಗಳು ಮರಳಿ ಕೊಲ್ಲಾಪುರಕ್ಕೆ ಬಂದವು. ಹತ್ತು ವರ್ಷವೂ ಉಳಿಯಲಿಲ್ಲ. ಮುಂದೆ ಪಟ್ಟಕ್ಕೆ ಬಂದ ಶಹಾಜಿ ಮಹಾರಾಜರು, ಬಾವಾಸಾಹೇಬ ಎಂದು ಕರೆಸಿಕೊಂಡವರು, ಕಾಗಲ ಮತ್ತು ಇಚಲಕರಂಜಿಯ ಜಹಗೀರುದಾರರ ಮೇಲೆ ಏರಿಹೋದರು. ಕಂಪನಿಯ ಪಡೆ ಕೊಲ್ಲಾಪುರಕ್ಕೆ ಬಂತು. 1827ರಲ್ಲಿ ಚಿಕ್ಕೋಡಿ, ಮನೋಳಿಗಳನ್ನು ಕಂಪನಿ ಮರಳಿ ಕಿತ್ತುಕೊಂಡಿತು. ಹದಿನೈದೇ ವರ್ಷಗಳಲ್ಲಿ ಒಂದು ಸೀಮೆ ಪೇಶ್ವೆಯ ಪಾಲಾಗಿ, ಕೊಲ್ಲಾಪುರದ ಪಾಲಾಗಿ, ಕಂಪನಿಯ ಪಾಲಾಯಿತು. ಆಗ ಚಿಕ್ಕೋಡಿಯಲ್ಲಿದ್ದ ಕುಲಕರ್ಣಿಯೊಬ್ಬ ಒಂದೇ ಮೋಡಿ ಲಿಪಿಯಲ್ಲಿ ಮೂರು ಸರ್ಕಾರಗಳಿಗೆ ಲೆಕ್ಕ ಬರೆದಿರಬೇಕು.

ಗಡಹಿಂಗ್ಲಜ ಈ ಕೊಡುಕೊಳ್ಳುವಿಕೆಯಲ್ಲಿ ಸೇರಲಿಲ್ಲ. ಅದು ಕೊಲ್ಲಾಪುರದಲ್ಲಿಯೇ ಉಳಿಯಿತು, ಅದರೊಂದಿಗೆ ನೂಲವೂ. ಹೀಗಾಗಿ ಹಿರಣ್ಯಕೇಶಿ ಕಣಿವೆಯ ಒಂದು ಭಾಗ ಸಂಸ್ಥಾನಕ್ಕೆ, ಸಂಕೇಶ್ವರದ ಕಡೆಯದು ಕಂಪನಿಯ ಜಿಲ್ಲೆಗೆ ಹೋಯಿತು. ಬಾವಾಸಾಹೇಬರು ಕಾಗಲದವರ ತಂಟೆಗೆ ಹೋಗದೆ ಕೊಲ್ಲಾಪುರದಲ್ಲಿ ತೆಪ್ಪಗೆ ಕೂತಿದ್ದರೆ ಇಂದು ಚಿಕ್ಕೋಡಿಯೂ ಕೊಲ್ಲಾಪುರ ಜಿಲ್ಲೆಯಲ್ಲಿ ಇರುವ ಸಂಭವವಿತ್ತು. ಆಗ ನಾವು ನೂಲದ ಜತೆ ಚಿಕ್ಕೋಡಿಗೂ ಕಣ್ಣೀರು ಹಾಕುತ್ತಿದ್ದೆವು. ಇನ್ನೂ ಸ್ವಲ್ಪ ಹೆಚ್ಚು ಕೆರಳಿಸಿದ್ದರೆ ಗಡಹಿಂಗ್ಲಜವನ್ನೂ ಕಳೆದುಕೊಳ್ಳುತ್ತಿದ್ದರು, ನೂಲ ಇಂದು ಬೆಳಗಾವಿ ಜಿಲ್ಲೆಯಲ್ಲಿ ಇರುತ್ತಿತ್ತು. ಒಬ್ಬ ಅರಸನ ಸಿಟ್ಟಿನ ಪ್ರಮಾಣದ ಮೇಲೆ ನಿಂತ ಗಡಿ ಇದು. ಇದರಲ್ಲಿ ಕನ್ನಡಿಗರನ್ನು ಒಡೆಯುವ ಯೋಜನೆ ಹುಡುಕುವವರು ಕಂಪನಿಯ ಅಧಿಕಾರಿಗಳಿಗೆ ಅವರಲ್ಲಿ ಇಲ್ಲದ ದೂರದೃಷ್ಟಿಯನ್ನು ದಾನ ಮಾಡುತ್ತಿದ್ದಾರೆ.

1844ರಲ್ಲಿ ಅದೇ ಗಡಹಿಂಗ್ಲಜ ಸೀಮೆಯ ಸಾಮಾನಗಡದಲ್ಲಿ ಕೋಟೆ ಕಾಯುವ ಗಡಕರಿಗಳು ಬಂಡೆದ್ದರು, ಪಕ್ಕದ ಭೂದರಗಡದಲ್ಲಿಯೂ. ಕಂಪನಿ ಕೋಟೆ ಒಡೆಯಿತು. ಬೆಂಕಿ ಸಾವಂತವಾಡಿಗೆ ಹಬ್ಬಿತು. ಅಲ್ಲಿಯ ಬಂಡಾಯಗಾರರು ಗೋವೆಯೊಳಗೆ ನುಸುಳಿದರು. ಪೋರ್ಚುಗೀಸರು ಅವರನ್ನು ಒಪ್ಪಿಸಲಿಲ್ಲ. ಕಂಪನಿಯ ಕರ್ನಲ್ ಔಟ್ರಾಮ್ ಗಡಿಯ ಈಚೆ ನಿಂತು ಹಲ್ಲು ಕಡಿದ. ಘಟ್ಟದ ಕಾಡಿನಲ್ಲಿದ್ದ ಆ ಗಡಿ ಕಂಪನಿಗೆ ಮೊದಲ ಬಾರಿ ದೊಡ್ಡ ರಾಜತಾಂತ್ರಿಕ ಪ್ರಶ್ನೆಯಾಗಿ ಕಂಡದ್ದು ಆಗಲೇ ಎಂದು ನನ್ನ ಎಣಿಕೆ. ಅದರ ಉತ್ತರ ಬರಲು ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು, ಮತ್ತು ಉತ್ತರ ಬಂದದ್ದೂ ಒಂದು ಬಂದರಿನ ರೂಪದಲ್ಲಿ.

ಆ ಬಂದರಿನ ಮೊದಲು ಕಾರವಾರದ ಮಾತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದ್ದನ್ನು ನಮ್ಮಲ್ಲಿ ಎರಡು ರೀತಿ ಹೇಳುತ್ತಾರೆ. ಏಕೀಕರಣದ ಇತಿಹಾಸ ಬರೆಯುವವರು ಅದನ್ನು ಒಡೆದು ಆಳುವ ನೀತಿಯ ಇನ್ನೊಂದು ಉದಾಹರಣೆಯಾಗಿ ಕೊಡುತ್ತಾರೆ: ಅಖಂಡ ಕೆನರಾ ಜಿಲ್ಲೆ ಸೀಳಿತು, ಕುಂದಾಪುರ ಮದ್ರಾಸಿನಲ್ಲಿ ಉಳಿಯಿತು. ಕಾರವಾರದವರು ಬೇರೆ ಕೊರಗನ್ನು ಹೇಳುತ್ತಾರೆ: ಅಷ್ಟು ಒಳ್ಳೆಯ ನೈಸರ್ಗಿಕ ಬಂದರು ಗೋವೆಯ ಮುರ್ಮಗೋವೆ ಬಂದರಿನ ಅದೃಷ್ಟಕ್ಕೆ ಬಲಿಯಾಯಿತು. ಎರಡೂ ಮಾತು ಅರ್ಧ ದಾರಿಯಲ್ಲಿ ನಿಲ್ಲುತ್ತವೆ.

ನಡೆದದ್ದು ಇಷ್ಟು. ಧಾರವಾಡದ ಕರಿಮಣ್ಣಿನಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಯುತ್ತಿತ್ತು. ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿದ್ದ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಮ್ಯಾಂಚೆಸ್ಟರಿನ ಗಿರಣಿ ಒಡೆಯರು ಅಮೆರಿಕವನ್ನೇ ನೆಚ್ಚಿಕೊಂಡಿರುವುದು ಅಪಾಯವೆಂದು 1857ರಲ್ಲಿ ಹತ್ತಿ ಪೂರೈಕೆ ಸಂಘ ಕಟ್ಟಿಕೊಂಡರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಹುಟ್ಟಿತು. ಅವರ ಕಣ್ಣು ಬಿದ್ದದ್ದು ಕಾಳಿ ನದಿಯ ಮುಖದ ಸದಾಶಿವಗಡದ ಮೇಲೆ. ಅಲ್ಲೊಂದು ಬಂದರು, ಅಲ್ಲಿಂದ ಧಾರವಾಡಕ್ಕೊಂದು ಘಟ್ಟದ ರಸ್ತೆ. ತೊಡಕು ಏನೆಂದರೆ ಹತ್ತಿಯ ಹೊಲ ಮುಂಬಯಿ ಸರ್ಕಾರದ್ದು, ಬಂದರಿನ ಜಾಗ ಮದ್ರಾಸ್ ಸರ್ಕಾರದ್ದು. ಬೇರೆಯವರ ಹತ್ತಿಗೆ ತನ್ನ ಖಜಾನೆಯಿಂದ ರಸ್ತೆ ಮಾಡಿಸುವ ಆತುರ ಮದ್ರಾಸಿಗೆ ಇರಲಿಲ್ಲ. ಕಾಟನ್ ಕಂಪನಿಯ ಕಾರ್ಯದರ್ಶಿ ಹೇವುಡ್ ಹತ್ತಿ ಹಿಂಜುವ, ಒತ್ತುವ ಯಂತ್ರಗಳ ಬೆನ್ನಿಗೇ ಬಂದು ನೋಡಿದರೆ ರಸ್ತೆ ಮುಗಿದೇ ಇಲ್ಲ. ಯಂತ್ರ ಕಡಲ ದಂಡೆಯಲ್ಲಿ, ಹತ್ತಿ ಘಟ್ಟದ ಮೇಲೆ. ಇಂಗ್ಲೆಂಡಿನ ಪತ್ರಿಕೆಗಳಲ್ಲಿ, ಭಾರತ ಮಂತ್ರಿ ಚಾರ್ಲ್ಸ್ ವುಡ್ ಅವರ ಕಚೇರಿಯ ಬಾಗಿಲಲ್ಲಿ ಗದ್ದಲವಾಯಿತು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧವೂ ಶುರುವಾಗಿ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಜಿಲ್ಲೆಯನ್ನೇ ಮುಂಬಯಿಗೆ ವರ್ಗ ಮಾಡಿದರು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು, 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ನಿಂತಿತು.

ಮ್ಯಾಂಚೆಸ್ಟರಿನವರ ಒತ್ತಾಯಕ್ಕೆ ಒಂದು ಜಿಲ್ಲೆ ಪ್ರಾಂತ್ಯ ಬದಲಿಸಿತು. ಒಡೆಯುವ ಉದ್ದೇಶವೇ ಇದ್ದಿದ್ದರೆ ಧಾರವಾಡ, ಬೆಳಗಾವಿ, ಕಲಾದಗಿಗಳ ಜತೆ ಇನ್ನೊಂದು ಕನ್ನಡ ಜಿಲ್ಲೆಯನ್ನು ತಂದು ಒಂದೇ ಸರ್ಕಾರದ ಕೆಳಗೆ ಕೂಡಿಸುವ ಪೆದ್ದತನವನ್ನು ಅವರು ಮಾಡುತ್ತಿರಲಿಲ್ಲ. ಮುಂಬಯಿ ಕರ್ನಾಟಕ ಎಂದು ಮುಂದೆ ಹೆಸರಾದ ಆ ನಾಲ್ಕು ಜಿಲ್ಲೆಗಳ ಕೂಟವೇ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ, ಏಕೀಕರಣದ ಚಳವಳಿಗೆ ನೆಲೆಯಾದದ್ದು. ಇದನ್ನು ಬ್ರಿಟಿಷರ ಉಪಕಾರವೆಂದು ನಾನು ಹೇಳುತ್ತಿಲ್ಲ. ಅವರಿಗೆ ಅದರ ಗೊಡವೆಯೇ ಇರಲಿಲ್ಲ, ಕೇಡಿನ ಗೊಡವೆ ಇಲ್ಲದಿದ್ದ ಹಾಗೆಯೇ. ಇದೇ ವರ್ಗಾವಣೆಯ ಇನ್ನೊಂದು ಫಲವೆಂದರೆ ಮುಂದೆ ಮಹಾರಾಷ್ಟ್ರ ಕಾರವಾರ, ಹಳಿಯಾಳ, ಸೂಪಾಗಳ ಮೇಲೆ ಹಕ್ಕು ಹೂಡಿದ್ದು. ಜಿಲ್ಲೆ ಮದ್ರಾಸಿನಲ್ಲಿಯೇ ಇದ್ದಿದ್ದರೆ ಆ ಹಕ್ಕಿನ ಮಾತು ಏಳುವುದೇ ಕಷ್ಟವಿತ್ತು.

ಇನ್ನು ಮುರ್ಮಗೋವೆ. ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದ ಮೇಲೆ ಕಾರವಾರದ ಹುರುಪೂ ಇಳಿಯಿತು. ಕಾರವಾರದಿಂದ ಹುಬ್ಬಳ್ಳಿಗೆ ರೈಲಿನ ಆಲೋಚನೆ ಕಾಗದದ ಮೇಲೆಯೇ ಉಳಿಯಿತು. 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಬ್ರಿಟಿಷ್ ರಾಯಭಾರಿ ರಾಬರ್ಟ್ ಮೋರಿಯರ್ ಮತ್ತು ಪೋರ್ಚುಗಲ್ ಮಂತ್ರಿ ಆಂದ್ರಾದೆ ಕೊರ್ವೊ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಿನ ಸುಂಕದ ಕಟ್ಟೆಗಳು ಹೋಗಬೇಕು. ಗೋವೆಯ ಉಪ್ಪು, ಅಬಕಾರಿ ಬ್ರಿಟಿಷರ ಹತೋಟಿಗೆ ಬರಬೇಕು. ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ. ಗಡಿ ದಾಟಿದ ಅಪರಾಧಿಗಳನ್ನು ಪರಸ್ಪರ ಒಪ್ಪಿಸಬೇಕು. ಮುರ್ಮಗೋವೆಯಲ್ಲಿ ಬಂದರು ಆಗಬೇಕು, ಅಲ್ಲಿಂದ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆ ರೈಲು ಬರಬೇಕು. 1880ರ ಜನವರಿಯಿಂದ ಹನ್ನೆರಡು ವರ್ಷಕ್ಕೆ ಇದು ಜಾರಿ. ಔಟ್ರಾಮ್ ಹಲ್ಲು ಕಡಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಉಪ್ಪಿನ ಕಳ್ಳಸಾಗಣೆಗೂ ಸಿಕ್ಕಿತು.

ಮೋರಿಯರನ ಮೇಜಿನ ಮೇಲೆ ಅದೇ ಹೊತ್ತಿಗೆ ಇನ್ನೊಂದು ಕಡತವೂ ಇತ್ತು. ಆಫ್ರಿಕದ ಡೆಲಗೋವಾ ಕೊಲ್ಲಿ ಯಾರದೆಂದು ಬ್ರಿಟನ್ನಿಗೂ ಪೋರ್ಚುಗಲ್ಲಿಗೂ ತಕರಾರಾಗಿ, 1875ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್‌ಮಹೋನ್ ಪೋರ್ಚುಗಲ್ ಪರ ತೀರ್ಪು ಕೊಟ್ಟಿದ್ದ. ಆ ಕೊಲ್ಲಿಯ ಲೊರೆನ್ಸೊ ಮಾರ್ಕೆಸ್ ಬಂದರಿನಿಂದ ಟ್ರಾನ್ಸ್‌ವಾಲಿಗೆ ರೈಲು ಹಾಕುವ ಒಪ್ಪಂದವನ್ನು ಮೋರಿಯರ್ 1879ರಲ್ಲಿ ಮಾಡಿದ. ಅದು ಕೊನೆಗೆ ಊರ್ಜಿತವಾಗಲಿಲ್ಲ, ಆ ಮಾತು ಬೇರೆ. ವಿವಾದದ ಗಡಿ, ಅದರಾಚೆ ಒಂದು ಬಂದರು, ಬಂದರಿನಿಂದ ಒಳನಾಡಿಗೆ ರೈಲು: ಆಫ್ರಿಕಕ್ಕೂ ಗೋವೆಗೂ ಒಂದೇ ಸೂತ್ರ. ಕಾರವಾರ ಸೋತದ್ದು ಕಾರವಾರದ ಮೇಲೆ ಯಾರಿಗೋ ಹೊಟ್ಟೆಕಿಚ್ಚಿದ್ದುದರಿಂದ ಎನ್ನುವವರು, ಲಿಸ್ಬನ್ನಿನ ಆ ಕೋಣೆಯಲ್ಲಿ ಹುಬ್ಬಳ್ಳಿಯೂ ಟ್ರಾನ್ಸ್‌ವಾಲೂ ಒಂದೇ ಸಾಲಿನ ಹೆಸರುಗಳಾಗಿದ್ದವು ಎಂಬುದನ್ನು ನೆನೆಯಬೇಕು.

ಮುರ್ಮಗೋವೆ ಗೆದ್ದಿತೆ? ಅದೂ ಇಲ್ಲ. ಮೀಟರ್ ಗೇಜ್ ರೈಲು 1888ರ ಹೊತ್ತಿಗೆ ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಮುಟ್ಟಿತು. ಆದರೆ ಸದರ್ನ್ ಮರಾಠಾ ರೈಲ್ವೆಯ ಪುಣೆ–ಮಿರಜ–ಬೆಳಗಾವಿ ಮಾರ್ಗ 1890ಕ್ಕೆ ಪೂರ್ತಿಯಾದ ಮೇಲೆ ಹತ್ತಿ ನೇರ ಮುಂಬಯಿಗೆ ಹೋಯಿತು. 1892ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ನವೀಕರಣವಾಗಲಿಲ್ಲ, ಸುಂಕದ ಕಟ್ಟೆಗಳು ಮತ್ತೆ ಎದ್ದವು. ಗೋವೆಯ ರೈಲಿನ ನಷ್ಟವನ್ನು ಪೋರ್ಚುಗಲ್ಲಿನ ಖಜಾನೆ ಬಹುಕಾಲ ತುಂಬಿತು. ಆಂಬೋಲಿ ಘಟ್ಟ ಇಳಿದು ವೆಂಗುರ್ಲಾಕ್ಕೆ ಹೋಗುತ್ತಿದ್ದ ಎತ್ತಿನ ಗಾಡಿಗಳು, ಅಂದರೆ ಗಡಹಿಂಗ್ಲಜ, ಆಜರಾ ಕಡೆಯ ವ್ಯಾಪಾರದ ಹಳೆಯ ದಾರಿ, ಕಳೆಗುಂದಿತು. ಕುಮಟಾ ಸೊರಗಿತು. ಮಾಲವಣ ಮೀನುಗಾರರ ಊರಾಗಿ ಉಳಿಯಿತು. 1812ರಿಂದ 1878ರವರೆಗೆ ಯಾವ ಬಂದರಿಗಾಗಿ ಯಾವ ಗಡಿಯನ್ನು ತಿದ್ದಿದರೋ ಅವುಗಳಲ್ಲಿ ಒಂದೂ ಎಣಿಸಿದ ಫಲ ಕೊಡಲಿಲ್ಲ. ಗೆದ್ದ ಬಂದರು ಮುಂಬಯಿ, ಅದಕ್ಕೆ ಯಾವ ಒಪ್ಪಂದವೂ ಬೇಕಾಗಲಿಲ್ಲ.

ಈಗ ನನ್ನ ವಾದಕ್ಕೆ ಬರಬಹುದಾದ ಬಲವಾದ ಎದುರುವಾದ. ಉದ್ದೇಶ ಏನಿದ್ದರೇನು, ಗಾಯ ಗಾಯವೇ ಅಲ್ಲವೆ? ಒಪ್ಪುತ್ತೇನೆ, ಆದರೆ ಗಾಯ ಯಾವಾಗ ಆಯಿತೆಂದು ಕೇಳಬೇಕು. 1827ರಲ್ಲಿ ಗಡಿಯ ಎರಡೂ ಕಡೆ ಕಚೇರಿಯ ಭಾಷೆ ಮರಾಠಿಯೇ. ಬೆಳಗಾವಿ, ಧಾರವಾಡಗಳಲ್ಲಿಯೂ ಸರ್ಕಾರದ ಲೆಕ್ಕಪತ್ರ ಮರಾಠಿಯಲ್ಲಿತ್ತು, ಶಾಲೆಗಳು ಬಂದಾಗ ಅವೂ ಬಹುತೇಕ ಮರಾಠಿಯವೇ. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ವಿದ್ಯಾ ಇಲಾಖೆಯೊಳಗೆ ನಿಂತು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. ಅವರ ಅಧಿಕಾರ ನಡೆದದ್ದು ಬ್ರಿಟಿಷ್ ಜಿಲ್ಲೆಗಳಲ್ಲಿ ಮಾತ್ರ. ಸಂಕೇಶ್ವರದ ಮಗು ಕನ್ನಡ ಅಕ್ಷರ ತಿದ್ದತೊಡಗಿತು. ಕೊಲ್ಲಾಪುರ ಸಂಸ್ಥಾನದೊಳಗಿದ್ದ ನೂಲದ ಮಗುವಿಗೆ ಆ ಆದೇಶ ಮುಟ್ಟಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಭಾಷೆ ಗಡಿಯನ್ನು ಮಾಡಲಿಲ್ಲ, ಗಡಿ ಕ್ರಮೇಣ ಭಾಷೆಯನ್ನು ಮಾಡಿತು. ಮೂರು ತಲೆಮಾರು ಕಳೆದು ಭಾಷಾವಾರು ರಾಜ್ಯಗಳ ಮಾತು ಬಂದಾಗ ಗಡಹಿಂಗ್ಲಜ ಮರಾಠಿ ಆಡಳಿತದ ತಾಲ್ಲೂಕೆಂದು ಯಾರಿಗಾದರೂ ಕಾಣುವಂತಾಗಿತ್ತು.

1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಗಡಿಯನ್ನು ಹೊಸದಾಗಿ ನೋಡುವ ಅವಕಾಶ ಆಗ ಬಂದಿತ್ತು, ಕೆಲಮಟ್ಟಿಗೆ ನೋಡಿದರು ಕೂಡ. ಬೆಳಗಾವಿ ಜಿಲ್ಲೆಯ ನೆಲದ ನಡುವೆ ಇದ್ದ ಕೊಲ್ಲಾಪುರದ ರಾಯಬಾಗ, ಕಟಕೋಳಗಳನ್ನು ಬೆಳಗಾವಿಗೆ ಸೇರಿಸಿದರು. ಅದರಿಂದಲೇ 1956ರಲ್ಲಿ ರಾಯಬಾಗ ಕರ್ನಾಟಕಕ್ಕೆ ಬಂತು. ಗಡಹಿಂಗ್ಲಜದ ಪೂರ್ವದ ಹಳ್ಳಿಗಳು ಕೊಲ್ಲಾಪುರಕ್ಕೆ ಅಂಟಿಕೊಂಡೇ ಇದ್ದವು, ಆಡಳಿತಕ್ಕೆ ಅನನುಕೂಲವೇನೂ ಇರಲಿಲ್ಲ, ಹಾಗೆಯೇ ಬಿಟ್ಟರು. ರಾಜ್ಯಗಳ ಮರುವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗ 1955ರಲ್ಲಿ ಜಿಲ್ಲೆಯನ್ನೇ ಅಳತೆಯ ಕೋಲಾಗಿ ಹಿಡಿಯಿತು. ಆ ಕೋಲನ್ನೂ ಬೇಕಾದಲ್ಲಿ ಬಗ್ಗಿಸಿದ್ದರು: ಬೆಳಗಾವಿ ಜಿಲ್ಲೆಯ ಚಂದಗಡವನ್ನು ಮರಾಠಿ ಬಹುಸಂಖ್ಯೆಯ ಕಾರಣಕ್ಕೆ ಬೇರ್ಪಡಿಸಿ ಮುಂಬಯಿಯ ಕಡೆಗೆ ಕೊಟ್ಟರು, ಅದು ಕೊಲ್ಲಾಪುರ ಜಿಲ್ಲೆ ಸೇರಿತು. ಹಾಗೆ ಮಾಡಿದ್ದು ಸರಿಯೇ. ಅದೇ ನ್ಯಾಯವನ್ನು ಚಂದಗಡದ ಮಗ್ಗುಲಲ್ಲಿರುವ ಗಡಹಿಂಗ್ಲಜದ ಕನ್ನಡ ಹಳ್ಳಿಗಳಿಗೆ ಅನ್ವಯಿಸಲಿಲ್ಲ, ಮತ್ತು ಆಗ ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಇದಕ್ಕಾಗಿ ದೊಡ್ಡ ದನಿ ಎದ್ದಿತೆಂದು ಹೇಳಲಾಗದು. ನಮ್ಮ ಗಮನವೆಲ್ಲ ಬೆಳಗಾವಿ ನಗರವನ್ನು ಉಳಿಸಿಕೊಳ್ಳುವುದರ ಮೇಲಿತ್ತು. ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಗಡಹಿಂಗ್ಲಜ ತಾಲ್ಲೂಕಿನ ಕೆಲವು ಹಳ್ಳಿಗಳು ಮೈಸೂರಿಗೆ ಹೋಗಬೇಕೆಂದಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. ನಾವು ಒಪ್ಪಿದೆವು, ಬೆಳಗಾವಿಯನ್ನು ಆಯೋಗ ನಮಗೇ ಬಿಟ್ಟ ಸಂತೋಷದಲ್ಲಿ ಹಳ್ಳಿಗಳ ಪುಟವನ್ನು ಮತ್ತೆ ಓದಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದ ಮೇಲಂತೂ ಎರಡೂ ಸರ್ಕಾರಗಳಿಗೆ ಮಾತಾಡದಿರಲು ಒಳ್ಳೆಯ ನೆಪ ಸಿಕ್ಕಿದೆ.

ಎಲ್ಫಿನ್‌ಸ್ಟನ್ನನನ್ನೂ ಮೋರಿಯರನನ್ನೂ ಬೈದು ಈ ಹೊಣೆಯಿಂದ ಜಾರಿಕೊಳ್ಳುವುದು ನ್ಯಾಯವಲ್ಲ. ಅವರು ಒಂದು ಬಂದರಿಗಾಗಿ ಒಂದು ಸೀಮೆಯನ್ನು ಕೊಟ್ಟರು, ತೆಗೆದುಕೊಂಡರು. ಜನರನ್ನು ಕೇಳಲಿಲ್ಲ, ಕೇಳುತ್ತೇವೆಂದೂ ಹೇಳಿರಲಿಲ್ಲ. ಕೇಳುತ್ತೇವೆಂದು ಹೇಳಿ ಕೇಳದವರು 1949 ಮತ್ತು 1956ರ ನಮ್ಮವರು, ದೆಹಲಿಯವರೂ ಮುಂಬಯಿಯವರೂ ಬೆಂಗಳೂರಿನವರೂ ಸೇರಿ.

ಗಡಿ ಸಂಘಟನೆಗಳ ಹಿರಿಯರಲ್ಲಿ ಒಂದು ಮಾತು. 1812 ಮತ್ತು 1827ರ ಆ ಎರಡು ಒಪ್ಪಂದಗಳನ್ನು ಮೂಲದೊಂದಿಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚು ಮಾಡಿಸಿ. ನಮ್ಮವರ ಜತೆ ಕೊಲ್ಲಾಪುರದ ಗೆಳೆಯರೂ ಓದಲಿ. ನಕಾಶೆ ತಿದ್ದುವ ಕೆಲಸ ಕೋರ್ಟಿನಲ್ಲಿ ಇರುವಷ್ಟು ದಿನ ಇರಲಿ. ಅದರ ದಾರಿ ಕಾಯಬೇಕಾಗಿಲ್ಲದ ಒಂದು ಕೆಲಸವಿದೆ. ರಾಜ್ಯಗಳನ್ನು ಮರುವಿಂಗಡಿಸಿದ ಅದೇ 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕಾಗಿ ರಾಷ್ಟ್ರಪತಿ ಯಾವ ರಾಜ್ಯಕ್ಕಾದರೂ ನಿರ್ದೇಶನ ಕೊಡಬಹುದು. ನೂಲದಲ್ಲಿ, ಹಲಕರ್ಣಿಯಲ್ಲಿ, ಹೆಬ್ಬಾಳ ಕಸಬಾ ನೂಲದಲ್ಲಿ ಮನೆಯಲ್ಲಿ ಕನ್ನಡ ಆಡುವ ಮಕ್ಕಳೆಷ್ಟು, ಅವರಿಗೆ ಕನ್ನಡ ಕಲಿಸುವವರೆಷ್ಟು ಎಂಬ ಪಟ್ಟಿ ಹಿಡಿದು ಮುಂಬಯಿಗೂ ದೆಹಲಿಗೂ ಅರ್ಜಿ ಹಾಕಿ. ನಿಪ್ಪಾಣಿ, ಖಾನಾಪುರಗಳ ಮರಾಠಿ ಮಕ್ಕಳಿಗೂ ಅದೇ ವಿಧಿ ಅಷ್ಟೇ ಅನ್ವಯಿಸುತ್ತದೆ ಎಂದು ಬೆಂಗಳೂರಿಗೆ ಅದೇ ಅರ್ಜಿಯಲ್ಲಿ ಬರೆಯಿರಿ.